ಕೆನ್ನೆಗೆ ಬಟ್ಟಲು ಒತ್ತಿ ನೋಡುವವರ ಪರವಾಗಿ

ಮಾನ್ಯರೇ,

ಸ್ವಂತವಾಗಿ ಕೈಕೆಲಸ ಮಾಡಿ ಬದುಕುವವರ ಬಗ್ಗೆ ಪತ್ರಿಕೆಗಳ ಪುರವಣಿಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಸಂತೋಷ. ಆದರೆ ಅವುಗಳಲ್ಲಿ ತಪ್ಪದೆ ಒಂದು ಪ್ಯಾರಾ ಈ ಜನರ ‘ವಿಚಿತ್ರ ಅಭ್ಯಾಸ’ಗಳಿಗೆ ಮೀಸಲು. ಒಬ್ಬರು ಕೈಗೆ ಸಿಕ್ಕ ಕಾಗದವನ್ನೆಲ್ಲ ಬಗ್ಗಿಸಿ ನೋಡುತ್ತಾರಂತೆ, ಇನ್ನೊಬ್ಬರು ಸುಡದ ಬಟ್ಟಲನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾರಂತೆ, ಮತ್ತೊಬ್ಬರು ಎಣ್ಣೆ ಒರೆಸಿದ ಬಟ್ಟೆಗಳನ್ನು ಒಂದೊಂದಾಗಿ ತಂತಿಯ ಮೇಲೆ ಹರವದೆ ಮಲಗುವುದಿಲ್ಲವಂತೆ. ಅಭ್ಯಾಸ ಅಚ್ಚಾಗುತ್ತದೆ, ಕಾರಣ ಅಚ್ಚಾಗುವುದಿಲ್ಲ. ಓದಿದವರು ‘ಕಲಾವಿದರು ಅಂದ್ರೆ ಹಾಗೇ ಬಿಡಿ, ಸ್ವಲ್ಪ ತಿಕ್ಕಲು’ ಎಂದು ನಕ್ಕು ಪುಟ ತಿರುಗಿಸುತ್ತಾರೆ. ಹಾಗೆ ಬಿಟ್ಟುಹೋದ ಕಾರಣಗಳಲ್ಲಿ ಕೆಲವನ್ನು ಈ ಪತ್ರದಲ್ಲಿ ಬರೆಯುತ್ತಿದ್ದೇವೆ.

ಇಂಥ ಬರಹಗಳಲ್ಲೆಲ್ಲ ಸಂಗೀತಗಾರ ಬೀಥೋವನ್ ಬಂದೇ ಬರುತ್ತಾನೆ. ಒಂದು ಲೋಟ ಕಾಫಿಗೆ ಸರಿಯಾಗಿ 60 ಬೀಜ ಎಣಿಸಿ ಹಾಕುತ್ತಿದ್ದ ಎಂಬ ಕಥೆ. ಹೇಳಿದವನು ಅವನ ಕಾರ್ಯದರ್ಶಿಯಾಗಿದ್ದ ಶಿಂಡ್ಲರ್. ಬೀಥೋವನ್ ಸತ್ತ ಮೇಲೆ ಅವನ ಸಂಭಾಷಣೆಯ ಪುಸ್ತಕಗಳಲ್ಲಿ (ಕಿವಿ ಕೇಳದ ಅವನಿಗೆ ಜನ ತಮ್ಮ ಮಾತು ಬರೆದು ತೋರಿಸುತ್ತಿದ್ದ ಪುಸ್ತಕಗಳು) ತಾನೇ ಸುಳ್ಳು ಸಾಲುಗಳನ್ನು ಸೇರಿಸಿ ಸಿಕ್ಕಿಬಿದ್ದ ಮನುಷ್ಯ, ಆದ್ದರಿಂದ ಎಷ್ಟು ನಂಬಬೇಕೋ ಅಷ್ಟೇ ನಂಬಿ. ಆದರೆ ಕಥೆ ನಿಜವೇ ಆಗಿದ್ದರೆ ಅದರಲ್ಲಿ ವಿಚಿತ್ರವೇನಿದೆ? ಹುರಿದ 60 ಬೀಜ ತೂಗಿದರೆ ಹೆಚ್ಚುಕಡಿಮೆ 8 ಗ್ರಾಂ. ಒಂದು ಸಣ್ಣ ಲೋಟಕ್ಕೆ ಅದು ಸರಿಯಾದ ಅಳತೆಯೇ. ಗ್ರಾಂ ಲೆಕ್ಕದ ತಕ್ಕಡಿ ಅಡುಗೆಮನೆಯಲ್ಲಿಲ್ಲದ ಕಾಲಕ್ಕೆ ಬೀಜವೇ ತೂಕದ ಕಲ್ಲು. ದಿನಾ ಒಂದೇ ರುಚಿ ಬೇಕೆಂದವನು ಎಣಿಸಿದ, ಅಷ್ಟೆ. ಒಂಟಿಯಾಗಿ ದುಡಿಯುವವರ ಬಹುಪಾಲು ಖಯಾಲಿಗಳು ಇಂಥವೇ. ಕಾರ್ಖಾನೆಯಲ್ಲಿ ಗುಣಮಟ್ಟ ನೋಡಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಇಲ್ಲಿ ಆ ವಿಭಾಗದ ಕೆಲಸವನ್ನು ಕೆನ್ನೆ, ಬೆರಳು, ನೋಟ್‌ಬುಕ್ಕು, ಕಿಟಕಿಯ ಬೆಳಕು ಹಂಚಿಕೊಂಡು ಮಾಡುತ್ತವೆ.

ಕೆನ್ನೆಯ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಮಣ್ಣಿನ ಬಟ್ಟಲು ಹೊರಗೆ ಬಿಳಿಚಿಕೊಂಡು ಒಣಗಿದಂತೆ ಕಂಡರೂ ತಳದ ದಪ್ಪ ಭಾಗದಲ್ಲಿ ತೇವ ಉಳಿದಿರುತ್ತದೆ. ತೇವ ಆರುತ್ತಿರುವಷ್ಟು ಹೊತ್ತೂ ಆ ಜಾಗ ಸುತ್ತಲಿನ ಗಾಳಿಗಿಂತ ತಣ್ಣಗಿರುತ್ತದೆ. ಇದು ಅಂಗೈಗೆ ಸರಿಯಾಗಿ ತಿಳಿಯುವುದಿಲ್ಲ, ಮಣ್ಣು ಮುಟ್ಟಿ ಮುಟ್ಟಿ ಅದು ಒರಟಾಗಿರುತ್ತದೆ. ಕೆನ್ನೆಗೆ ತಿಳಿಯುತ್ತದೆ. ತಳವನ್ನು ಕೆನ್ನೆಗೆ ಒತ್ತಿದಾಗ ತಣ್ಣಗೆ ಅನಿಸಿದರೆ ಇನ್ನೂ ಕಾಯಬೇಕು. ತಣ್ಣಗೆ ಅನಿಸದಿದ್ದರೆ ಕಿಲ್ನಿಗೆ, ಅಂದರೆ ಸುಡುವ ಗೂಡಿಗೆ, ಇಡಬಹುದು. ಅವಸರಪಟ್ಟು ಇಟ್ಟರೆ ಆಗುವುದು ಇಷ್ಟು: 100 ಡಿಗ್ರಿ ದಾಟುತ್ತಿದ್ದಂತೆ ಒಳಗಿನ ನೀರು ಹಬೆಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಹೊರಹೋಗಲು ದಾರಿ ಸಾಲದೆ ತಳವನ್ನೇ ಸಿಡಿಸುತ್ತದೆ. ಆ ಬಟ್ಟಲೊಂದೇ ಹೋದರೆ ಪರವಾಗಿಲ್ಲ, ಚೂರುಗಳು ಸುತ್ತಲಿನ ಹತ್ತಕ್ಕೆ ಬಡಿಯುತ್ತವೆ. ಮಣ್ಣಿನೊಳಗೆ ಗಾಳಿಗುಳ್ಳೆ ಉಳಿದರೆ ಸಿಡಿಯುತ್ತದೆ ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಅರ್ಧ ಸತ್ಯ. ಗಾಳಿಗುಳ್ಳೆ ಇದ್ದೂ ಪೂರ್ತಿ ಒಣಗಿದ ಪಾತ್ರೆ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಬೇಯುತ್ತದೆ. ಗುಳ್ಳೆ ಇಲ್ಲದೆಯೂ ಹಸಿ ಉಳಿದದ್ದು ಸಿಡಿಯುತ್ತದೆ. ಕಳ್ಳ ನೀರು, ಗಾಳಿಯಲ್ಲ. ಮಣ್ಣನ್ನು ಅಷ್ಟು ಹೊತ್ತು ನಾದುವುದು ಮುಖ್ಯವಾಗಿ ಹದ ಒಂದೇ ಸಮ ಆಗಲಿ, ಚಕ್ರದ ಮೇಲೆ ಗುಳ್ಳೆಗೆ ಬೆರಳು ಸಿಕ್ಕಿ ಗೋಡೆ ವಾಲದಿರಲಿ ಎಂದು.

ಅದೇ ಕಾರಣಕ್ಕೆ ಹಲವರು ಕಿಲ್ನನ್ನು ರಾತ್ರಿಯಿಡೀ 80-90 ಡಿಗ್ರಿಯಲ್ಲೇ ಹಿಡಿದಿಡುತ್ತಾರೆ. ಸುಟ್ಟಾದ ಮೇಲೂ 100ರ ಕೆಳಗೆ ಇಳಿಯುವವರೆಗೆ ಮುಚ್ಚಳ ತೆಗೆಯುವುದಿಲ್ಲ. ಕೊಳ್ಳುವವರು ಬಾಗಿಲಲ್ಲಿ ನಿಂತಿದ್ದರೂ ತೆಗೆಯುವುದಿಲ್ಲ, ಅದಕ್ಕೆ ‘ದುರಹಂಕಾರ’ ಎಂಬ ಹೆಸರೂ ಬರುತ್ತದೆ. ಮಣ್ಣಿನಲ್ಲಿರುವ ಬೆಣಚಿನ ಹರಳು 573 ಡಿಗ್ರಿಯಲ್ಲಿ ರೂಪ ಬದಲಿಸುತ್ತದೆ. ಏರುವಾಗ ಫಕ್ಕನೆ ಹಿಗ್ಗುತ್ತದೆ, ಇಳಿಯುವಾಗ ಫಕ್ಕನೆ ಕುಗ್ಗುತ್ತದೆ. ಆ ಹೊತ್ತಿಗೆ ಒಂದು ಬದಿ ತಣ್ಣಗೆ ಇನ್ನೊಂದು ಬದಿ ಬಿಸಿ ಇದ್ದರೆ ಬಿರುಕು ಖಂಡಿತ. ಅದರ ಕೆಳಗೂ ತಣ್ಣನೆಯ ಗಾಳಿ ನುಗ್ಗಿದರೆ ಗ್ಲೇಜ್ (ಮೇಲಿನ ಗಾಜಿನಂಥ ಲೇಪ) ಕೂದಲೆಳೆಯಂತೆ ಸೀಳುತ್ತದೆ. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತಾರಲ್ಲ, ದೊಣ್ಣೆಯೇ ಬೇಕೆಂದಿಲ್ಲ, ಮುಚ್ಚಳ ಅರ್ಧ ದಿನ ಮೊದಲು ತೆಗೆದರೂ ಸಾಕು.

ಇನ್ನು ಅಳತೆ. ‘ಈ ಬಟ್ಟಲು ಮಾಡುವಾಗ ಇಷ್ಟು ದೊಡ್ಡದಿತ್ತಲ್ಲ, ಈಗೇಕೆ ಸಣ್ಣದಾಗಿದೆ’ ಎಂಬ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ಒಂದು ಮಣ್ಣು ಒಣಗಿ ಬೆಂದು ಒಟ್ಟು ಶೇ 12 ಕುಗ್ಗುತ್ತದೆ ಅಂದುಕೊಳ್ಳಿ. 10 ಸೆಂ.ಮೀ. ಎತ್ತರ ಬೇಕಿದ್ದರೆ 10ನ್ನು 0.88ರಿಂದ ಭಾಗಿಸಿ ಹಸಿಯಲ್ಲಿ 11.4 ಸೆಂ.ಮೀ. ಎತ್ತಬೇಕು. 10ಕ್ಕೆ ಶೇ 12 ಕೂಡಿಸಿ 11.2 ಮಾಡುವುದು ಹೊಸಬರ ತಪ್ಪು. ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ ಮೂರಕ್ಕೂ 12 ಹೋದರೆ ಒಳಗಿನ ಜಾಗ ಶೇ 32ರಷ್ಟು ಹೋಗುತ್ತದೆ: ಹಸಿಯಲ್ಲಿ 350 ಮಿ.ಲೀ. ಹಿಡಿಯುತ್ತಿದ್ದದ್ದು ಕೊನೆಗೆ 240 ಹಿಡಿಯುವುದೂ ಇಲ್ಲ. ಹೊಸ ಮಣ್ಣಿನ ಚೀಲ ಒಡೆದಾಗಲೆಲ್ಲ 10 ಸೆಂ.ಮೀ. ಗೆರೆ ಕೊರೆದ ಒಂದು ಪಟ್ಟಿ ಸುಟ್ಟು, ಗೆರೆ ಎಷ್ಟಾಯಿತೆಂದು ಅಳೆದು, ಪಟ್ಟಿಯನ್ನು ಗೋಡೆಗೆ ನೇತು ಹಾಕಿಕೊಳ್ಳುವವರಿದ್ದಾರೆ. ನೋಡುವವರಿಗೆ ಅದು ಮಣ್ಣಿನ ಬಿಸ್ಕತ್ತಿನ ತೋರಣ.

ಪುಸ್ತಕ ಕಟ್ಟುವವರ ಕಾಗದ ಬಗ್ಗಿಸುವ ಚಾಳಿಗೂ ಇಂಥದೇ ಹಿನ್ನೆಲೆ ಇದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಹಾಳೆಯನ್ನು ಮಡಿಸದೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ, ಮೇಲೆ ಅಂಗೈ ಇಟ್ಟು ಒತ್ತಿ ನೋಡಿ. ಒಂದು ದಿಕ್ಕಿಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದಕ್ಕೆ ತಿರುಗಿ ಒದೆಯುತ್ತದೆ. ಸಲೀಸಾಗಿ ಬಾಗಿದಾಗ ಬಾಗಿನ ಗೆರೆ ಯಾವ ಕಡೆಗಿದೆಯೋ ನಾರಿನ ಎಳೆ ಆ ಕಡೆಗಿದೆ. ಪುಸ್ತಕದ ಬೆನ್ನು ಮತ್ತು ಎಳೆ ಒಂದೇ ದಿಕ್ಕಿಗಿರಬೇಕು. ಇಲ್ಲದಿದ್ದರೆ ಪುಟ ತೆರೆದರೆ ಮಲಗುವುದಿಲ್ಲ, ಮಡಿಕೆ ಒರಟಾಗಿ ಬಿರಿಯುತ್ತದೆ, ಅಂಟು ತಾಗಿದಲ್ಲಿ ಅಂಚು ಅಲೆಯಲೆಯಾಗುತ್ತದೆ, ಏಕೆಂದರೆ ನಾರು ನೀರು ಕುಡಿದಾಗ ಉದ್ದಕ್ಕಿಂತ ದಪ್ಪಕ್ಕೆ ಹೆಚ್ಚು ಊದುತ್ತದೆ.

ಮನೆಯಲ್ಲಿ ನೋಟ್‌ಬುಕ್ ಹೊಲಿಯುವವರು ಬೀಳುವ ಗುಂಡಿ ಇದೇ. ಮುದ್ರಣಕ್ಕೆ ಬಳಸುವ ಸಾಮಾನ್ಯ ಎ4 ಹಾಳೆಯಲ್ಲಿ ಎಳೆ ಬಹುಮಟ್ಟಿಗೆ 297 ಮಿ.ಮೀ. ಬದಿಯ ಉದ್ದಕ್ಕಿರುತ್ತದೆ. ಅದನ್ನು ಅರ್ಧಕ್ಕೆ ಮಡಿಸಿದರೆ ಮಡಿಕೆ 210 ಮಿ.ಮೀ. ಬದಿಗೆ ಸಮಾನಾಂತರ, ಅಂದರೆ ಎಳೆಗೆ ಅಡ್ಡ. ಉದ್ದ ಎಳೆಯ ಎ3 ತಂದು ಅದನ್ನು ನಡುವೆ ಎರಡಾಗಿ ಕತ್ತರಿಸಿ. ಸಿಗುವ ಎ4 ಹಾಳೆಗಳಲ್ಲಿ ಎಳೆ 210ರ ಬದಿಗೆ ಬಂದಿರುತ್ತದೆ. ಈಗ ಮಡಿಸಿದರೆ ಬೆನ್ನಿಗೂ ಎಳೆಗೂ ಜಗಳವಿಲ್ಲ. ಇಷ್ಟು ತಿಳಿದವರು ಮದುವೆ ಕರೆಯೋಲೆ ಸಿಕ್ಕರೂ ಒಮ್ಮೆ ಬಗ್ಗಿಸಿಯೇ ಒಳಗಿಡುತ್ತಾರೆ. ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು.

ರಟ್ಟಿಗೆ ಕಾಗದ ಅಂಟಿಸಿದ ಮೇಲೆ ಭಾರದಡಿ ರಾತ್ರಿಯೆಲ್ಲ ಇಡುವುದೂ ತೋರಿಕೆಯ ನಿಧಾನವಲ್ಲ. ಅಂಟಿನ ತೇವಕ್ಕೆ ಹಿಗ್ಗಿದ ಕಾಗದ ಒಣಗುತ್ತ ಕುಗ್ಗಿ ರಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ. ಒಳಬದಿಗೂ ಕಾಗದ ಅಂಟಿದರೆ ಎರಡೂ ಎಳೆತ ಸರಿದೂಗುತ್ತದೆ, ಪೂರ್ತಿ ಒಣಗುವವರೆಗೆ ಚಪ್ಪಟೆಯಾಗಿ ಒತ್ತಿಟ್ಟರೆ ಮಾತ್ರ. ನಡುವೆ ಇಟ್ಟ ಹೀರುಕಾಗದವನ್ನು ಒಂದೆರಡು ಸಲ ಬದಲಿಸಬೇಕು. ‘ಇವತ್ತೇ ಸಂಜೆ ಕೊಟ್ಟುಬಿಡಿ’ ಎಂದು ಒಯ್ದ ಪುಸ್ತಕ ಕೊಟ್ಟಾಗ ನೆಟ್ಟಗಿದ್ದು, ಮೂರನೇ ದಿನ ಒಯ್ದವರ ಮೇಜಿನ ಮೇಲೆ ದೋಣಿಯಾಗುತ್ತದೆ. ದೂರು ಮಾತ್ರ ಕಟ್ಟಿದವರ ಮೇಲೆ.

ಬಡಗಿ ಕೆಲಸದ ಒಂದೆರಡು ಸಂಗತಿ. ಅಳತೆ ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುತ್ತದೆ. ಕೆಟ್ಟಿದೆ ಎಂದುಕೊಂಡು ಸುತ್ತಿಗೆಯಿಂದ ಬಡಿದು ‘ರಿಪೇರಿ’ ಮಾಡುವ ಉಪಕಾರಿಗಳಿದ್ದಾರೆ. ದಯವಿಟ್ಟು ಬೇಡ. ಕೊಕ್ಕೆ ಅಲ್ಲಾಡುವುದು ತನ್ನ ದಪ್ಪದಷ್ಟೇ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಆಚೆ ಸರಿಯುತ್ತದೆ, ಪೆಟ್ಟಿಗೆಯೊಳಗೆ ಒತ್ತಿ ಅಳೆದಾಗ ಈಚೆ ಸರಿಯುತ್ತದೆ. ಎರಡೂ ಸಲ ಸೊನ್ನೆ ಸರಿಯಾದ ಜಾಗದಲ್ಲೇ ಬೀಳಲೆಂದು ಮಾಡಿದ ಏರ್ಪಾಡು ಅದು. ಕೊಕ್ಕೆಯನ್ನು ನಂಬದವರು 10 ಸೆಂ.ಮೀ. ಗೆರೆಯಿಂದ ಅಳೆಯಲು ಶುರು ಮಾಡುತ್ತಾರೆ, ಕೊನೆಗೆ 10 ಕಳೆಯುತ್ತಾರೆ. ಕಳೆಯಲು ಮರೆತ ದಿನ ಹಲಗೆ 10 ಸೆಂ.ಮೀ. ಉದ್ದ. ಅದಕ್ಕೇ ಅವರು ಅಂಕಿಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ. ಒಬ್ಬರೇ ಮಾತಾಡಿಕೊಳ್ಳುತ್ತಾರೆ ಎಂದು ಬರೆದವರು ಏನು ಮಾತಾಡಿಕೊಳ್ಳುತ್ತಾರೆ ಎಂದು ಕಿವಿಗೊಟ್ಟಿರಲಿಕ್ಕಿಲ್ಲ. ಒಂದು ಮೇಜು ಮುಗಿಯುವವರೆಗೆ ಒಂದೇ ಟೇಪು ಬಳಸುವುದು, ನಾಲ್ಕು ಹಲಗೆ ಜೋಡಿಸಿಟ್ಟು ಮೇಲೆ ಒಂದು ದೊಡ್ಡ ತ್ರಿಕೋನ ಎಳೆದು ಬಿಡುವುದು (ಹಲಗೆ ಎಷ್ಟು ಕಲಸಿಹೋದರೂ ತ್ರಿಕೋನ ಕೂಡಿಸಿದರೆ ಅನುಕ್ರಮ ಸಿಕ್ಕಿತು) ಇವೂ ಅದೇ ಜಾತಿಯವು.

ಎಣ್ಣೆ ಬಟ್ಟೆ ಮಾತ್ರ ನಗುವ ವಿಷಯವಲ್ಲ. ಮರಕ್ಕೆ ಹಚ್ಚುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುತ್ತದೆ. ಆ ಕೂಡುವಿಕೆಯಲ್ಲಿ ಶಾಖ ಹುಟ್ಟುತ್ತದೆ. ಹಲಗೆಯ ಮೇಲೆ ತೆಳ್ಳಗೆ ಹರಡಿದ ಎಣ್ಣೆಯ ಶಾಖ ಹಾರಿಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಒಳಗೇ ಕೂಡುತ್ತ ಹೋಗಿ, ಕೆಲಸ ಮುಗಿಸಿ ಬಾಗಿಲು ಹಾಕಿ ಹೋದ ಎಷ್ಟೋ ಗಂಟೆಯ ಮೇಲೆ, ಬೆಂಕಿಕಡ್ಡಿ ಇಲ್ಲದೆ ಹೊತ್ತಿಕೊಳ್ಳಬಹುದು. ಒಂದೊಂದೇ ಬಟ್ಟೆಯನ್ನು ಬಯಲಿನಲ್ಲಿ ಬಿಡಿಸಿ ಹರವಿ, ಬಿರುಸಾಗಿ ಗಟ್ಟಿಯಾದ ಮೇಲೆ ಎಸೆಯಬೇಕು. ಇಲ್ಲವೇ ನೀರು ತುಂಬಿದ, ಮುಚ್ಚಳವಿರುವ ಲೋಹದ ಡಬ್ಬದಲ್ಲಿ ಮುಳುಗಿಸಿಡಬೇಕು. ಟಂಗ್ ಎಣ್ಣೆ, ವಾಲ್ನಟ್ ಎಣ್ಣೆಗೂ ಇದೇ ಎಚ್ಚರ. ಈ ‘ಖಯಾಲಿ’ ಇಲ್ಲದವರ ಕೆಲಸದ ಕೋಣೆಗೆ ವಿಮೆ ಮಾಡಿಸುವುದು ಒಳ್ಳೆಯದು.

ಕೊಳ್ಳುವವರ ಮೂರು ಕೋರಿಕೆಗಳು ಈ ಜನರನ್ನು ಹೆಚ್ಚು ಕಾಡುತ್ತವೆ: ಬೇಗ ಬೇಕು, ಹೋದ ಸಲದ್ದರ ಹಾಗೇ ಬೇಕು, ಸ್ವಲ್ಪ ಬದಲಿಸಿ ಕೊಡಿ. ಮೂರನೆಯದು ಎಲ್ಲಕ್ಕಿಂತ ಸಣ್ಣದಾಗಿ ಕಾಣುತ್ತದೆ, ಅಪಾಯವೂ ಅದರಲ್ಲೇ ಹೆಚ್ಚು. ಸೋಪನ್ನು ನೋಡಿ. ಪ್ರತಿ ಎಣ್ಣೆಗೂ ಅದನ್ನು ಪೂರ್ತಿ ಸೋಪಾಗಿಸಲು ಬೇಕಾದ ಕಾಸ್ಟಿಕ್ ಸೋಡಾ ಬೇರೆ ಬೇರೆ. ಒಂದು ಗ್ರಾಂ ತೆಂಗಿನೆಣ್ಣೆಗೆ ಸುಮಾರು 0.183 ಗ್ರಾಂ, ಆಲಿವ್ ಎಣ್ಣೆಗೆ ಸುಮಾರು 0.134. ತಲಾ 500 ಗ್ರಾಂ ಹಾಕಿದರೆ 91.5 ಮತ್ತು 67, ಒಟ್ಟು 158.5 ಗ್ರಾಂ. ಚರ್ಮ ಉರಿಯಬಾರದೆಂದು ಶೇ 5 ಕಡಿಮೆ ಮಾಡಿ 150.6 ಗ್ರಾಂ ಬಳಸುತ್ತಾರೆ. ನೀರು ಅದರ ಎರಡರಷ್ಟು, 300 ಗ್ರಾಂ. ಈಗ ಯಾರೋ ‘ನನಗೆ ತೆಂಗಿನೆಣ್ಣೆ ಬೇಡ, ಅದರ ಬದಲು ಎಲ್ಲ ಆಲಿವ್ ಹಾಕಿ’ ಅಂದರು. ಸಾವಿರ ಗ್ರಾಂ ಆಲಿವ್ ಎಣ್ಣೆ ತಿನ್ನಬಲ್ಲದ್ದು 134 ಗ್ರಾಂ ಸೋಡಾ ಮಾತ್ರ. ಹಳೆಯ ಲೆಕ್ಕದಲ್ಲೇ ಸುರಿದರೆ 16 ಗ್ರಾಂಗೂ ಹೆಚ್ಚು ಸೋಡಾ ಸೋಪಿನಲ್ಲಿ ಹಾಗೇ ಉಳಿದು ಮೈ ಸುಡುತ್ತದೆ. ಉಲ್ಟಾ ಮಾಡಿ ಎಲ್ಲ ತೆಂಗಿನೆಣ್ಣೆ ಹಾಕಿದರೆ ಶೇ 18ರಷ್ಟು ಎಣ್ಣೆ ಸೋಪಾಗದೆ ಉಳಿದು ಜಿಡ್ಡು ಬಿಡುತ್ತದೆ. ‘ಸ್ವಲ್ಪ ಬದಲಾವಣೆ’ ಅಂದರೆ ಇಡೀ ಲೆಕ್ಕ ಹೊಸದಾಗಿ. ಬೇಡ ಅಂದವರನ್ನು ಹಟಮಾರಿ ಅನ್ನಬೇಡಿ.

ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು. ಸರಿಯಾಗಿ ಹಾಕಿದರೂ ದ್ರಾವಣ 80-90 ಡಿಗ್ರಿಗೆ ಏರುತ್ತದೆ. ತಿರುಗಾ ಮುರುಗಾ ಮಾಡಿದರೆ ಅಲ್ಲೇ ಕುದಿದು ಮುಖಕ್ಕೆ ಎರಚುತ್ತದೆ. ಅಲ್ಯೂಮಿನಿಯಂ ಪಾತ್ರೆ ಹತ್ತಿರವೂ ಬರಬಾರದು, ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸೋಪಾಗುವ ಕ್ರಿಯೆ ಒಂದೆರಡು ದಿನದಲ್ಲೇ ಹೆಚ್ಚೂಕಡಿಮೆ ಮುಗಿದರೂ ನಾಲ್ಕರಿಂದ ಆರು ವಾರ ಕಪಾಟಿನಲ್ಲಿಡುವುದು ಒಳಗಿನ ನೀರು ಆರಲೆಂದು. ವಾರಕ್ಕೊಮ್ಮೆ ಒಂದೇ ಸೋಪನ್ನು ತೂಗಿ ಚೀಟಿಯಲ್ಲಿ ಬರೆಯುವವರನ್ನು ಕಂಡರೆ ನಗಬೇಡಿ. ತೂಕ ಇಳಿಯುವುದು ನಿಂತ ವಾರ ಸೋಪು ಮಾರಾಟಕ್ಕೆ ಸಿದ್ಧ. ಮುಂಚೆ ಕೊಟ್ಟರೆ ಬಚ್ಚಲಲ್ಲಿ ಬೇಗ ಕರಗಿ ಲೋಳೆಯಾಗುತ್ತದೆ.

‘ಹೋದ ಸಲದ್ದರ ಹಾಗೇ’ ಎಂಬುದಕ್ಕೆ ಹೆಣಿಗೆಯವರ ಉತ್ತರ ಮಾದರಿ ತುಂಡು. 10 ಸೆಂ.ಮೀ.ಗೆ 20 ಕುಣಿಕೆ ಬರುತ್ತದೆಂದು ಲೆಕ್ಕ ಹಾಕಿ 100 ಸೆಂ.ಮೀ. ಸುತ್ತಳತೆಗೆ 200 ಕುಣಿಕೆ ಹಾಕಿದ್ದೀರಿ. ಕೈ ಆ ದಿನ ಬಿಗಿಯಾಗಿ 22 ಬಂದರೆ ಅದೇ 200 ಕುಣಿಕೆಗೆ 91 ಸೆಂ.ಮೀ. ಸ್ವೆಟರ್ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕನಿಷ್ಠ 15 ಸೆಂ.ಮೀ. ಅಗಲದ ತುಂಡು ಹೆಣೆದು, ತೊಳೆದು, ಒಣಗಿಸಿ, ಅಂಚು ಬಿಟ್ಟು ನಡುವೆ ಎಣಿಸಬೇಕು. ತೊಳೆಯದೆ ಎಣಿಸಿದ ತುಂಡು ಸುಳ್ಳು ಹೇಳುತ್ತದೆ. ಫೋನ್ ಬಂದರೂ ಸಾಲು ಮುಗಿಸದೆ ಏಳದವರು ಒರಟರಲ್ಲ, ನಡು ಸಾಲಿನಲ್ಲಿ ಬಿಟ್ಟ ಕುಣಿಕೆ ಜಗ್ಗಿ ಗುರುತು ಉಳಿಯುತ್ತದೆ. ಒಂದೇ ಬಣ್ಣದ ಎರಡು ಉಂಡೆ ಬೇರೆ ಬೇರೆ ಬಾಣಲೆಯಲ್ಲಿ ಬಣ್ಣ ಕಂಡಿದ್ದರೆ ಎರಡೆರಡು ಸಾಲಿಗೆ ಉಂಡೆ ಬದಲಿಸುತ್ತ ಹೆಣೆಯಬೇಕು. ಆಗ ವ್ಯತ್ಯಾಸ ಬೆರೆತುಹೋಗುತ್ತದೆ, ಇಲ್ಲದಿದ್ದರೆ ಎದೆಯ ಮೇಲೆ ಅಡ್ಡಗೆರೆ. ಆ ವ್ಯತ್ಯಾಸ ದೀಪದ ಬೆಳಕಲ್ಲಿ ಕಾಣದೆ ಹಗಲಲ್ಲಿ ಕಾಣುವುದುಂಟು. ಆದ್ದರಿಂದಲೇ ಬಣ್ಣದ ಕೆಲಸದವರು ಏನೇ ಸಿಕ್ಕರೂ ಕಿಟಕಿಯ ಬಳಿ ಒಯ್ದು ನೋಡುತ್ತಾರೆ.

ಹಾಗೆಂದು ಎಲ್ಲ ಅಭ್ಯಾಸಗಳಿಗೂ ಬೆನ್ನು ತಟ್ಟಲು ಈ ಪತ್ರ ಬರೆದದ್ದಲ್ಲ. ನಿಜವಾದ ಕೆಟ್ಟ ಚಾಳಿಗಳೂ ಇವೆ, ವಿಚಿತ್ರವೆಂದರೆ ಅವು ಪುರವಣಿಗಳಲ್ಲಿ ಮೆಚ್ಚುಗೆ ಗಳಿಸುತ್ತವೆ. ಸೋಪಿನಲ್ಲಿ ಸೋಡಾ ಉಳಿದಿದೆಯೇ ಎಂದು ನಾಲಿಗೆ ತಾಗಿಸಿ ನೋಡುವುದು ಧೈರ್ಯವಲ್ಲ, ಮೂರ್ಖತನ. ಒಂದು ಹನಿ ಫಿನಾಲ್ಫ್ತಲೀನ್ ಹಾಕಿದರೆ ಕ್ಷಾರ ಉಳಿದಲ್ಲಿ ಗಾಢ ಗುಲಾಬಿ ಬಣ್ಣ ಬರುತ್ತದೆ. ಮಣ್ಣಿನ ಕೋಣೆಯನ್ನು ಪೊರಕೆಯಿಂದ ಗುಡಿಸುವುದು ಶುಚಿತ್ವವಲ್ಲ. ಬೆಣಚಿನ ನುಣುಪು ಧೂಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ ಶ್ವಾಸಕೋಶ ಸೇರುತ್ತದೆ, ವರ್ಷಗಳ ಮೇಲೆ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ‘ಎಲ್ಲಾ ಕಣ್ಣಳತೆ, ಬರೆದಿಟ್ಟುಕೊಳ್ಳುವುದಿಲ್ಲ’ ಎಂಬ ಹೆಮ್ಮೆಯೂ ಈ ಪಟ್ಟಿಗೇ ಸೇರಬೇಕು. ಬರೆಯಬೇಕಾದ್ದು ಹೆಚ್ಚೇನಿಲ್ಲ: ತಾರೀಖು, ಮಣ್ಣಿನ ಚೀಲದ ಗುರುತು, ಹಸಿ ತೂಕ, ಕಿಲ್ನಿನಲ್ಲಿ ಯಾವ ಹಲಗೆಯ ಯಾವ ಮೂಲೆ, ಎಷ್ಟು ಡಿಗ್ರಿಗೆ ಏರಿತು, ಅಲ್ಲಿ ಎಷ್ಟು ನಿಮಿಷ ನಿಂತಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡು ಬದಲಿಸಿ ಗ್ಲೇಜ್ ಚೆನ್ನಾಗಿ ಬಂದರೆ ಯಾವುದಕ್ಕೆ ಬಂತೆಂದು ದೇವರಿಗೇ ಗೊತ್ತು, ಹೋದ ಸಲದ್ದರ ಹಾಗೇ ಬೇಕೆಂದವರಿಗೆ ಕೊಡಲು ಉತ್ತರವಿರುವುದಿಲ್ಲ.

ಇನ್ನೊಂದು, ಹೊತ್ತಿನ ಲೆಕ್ಕ ಇಡದಿರುವುದು. ಬಟ್ಟಲು ಚಕ್ರದ ಮೇಲೆ ಐದು ನಿಮಿಷದಲ್ಲಿ ಏಳುತ್ತದೆ, ವಿಡಿಯೊದಲ್ಲಿ ಎಲ್ಲರೂ ನೋಡುವುದು ಆ ಐದು ನಿಮಿಷವನ್ನೇ. ಅದಕ್ಕೂ ಮೊದಲು ತೂಗುವುದು, ನಾದುವುದು. ಆಮೇಲೆ ತಳ ಕೆತ್ತುವುದು, ಹಿಡಿ ಕೂಡಿಸುವುದು, ಸುಮಾರು 1,000 ಡಿಗ್ರಿಯ ಮೊದಲ ಸುಡುವಿಕೆ, ಉಜ್ಜುವುದು, ಗ್ಲೇಜ್ ಅದ್ದುವುದು, ತಳದ ಗ್ಲೇಜ್ ಒರೆಸುವುದು, 1,200 ದಾಟಿದ ಎರಡನೆಯ ಸುಡುವಿಕೆ, ಕೊನೆಗೆ ತಳದ ಒರಟು ಮಸೆಯುವುದು. ಒಂದು ತಿಂಗಳು ಕೈ ಮುಟ್ಟಿದಾಗಲೆಲ್ಲ ನಿಮಿಷ ಬರೆದಿಟ್ಟು, ಒಡೆದವನ್ನು ಬಿಟ್ಟು ಮಾರಲು ಉಳಿದ ಬಟ್ಟಲುಗಳಿಂದ ಒಟ್ಟು ನಿಮಿಷವನ್ನು ಭಾಗಿಸಿದರೆ ಬರುವ ಅಂಕಿ ಐದಕ್ಕೆ ಹತ್ತಿರವೂ ಇರುವುದಿಲ್ಲ. ಪಾರ್ಸೆಲ್ ಕಟ್ಟಿದ್ದು, ಫೋನಿಗೆ ಉತ್ತರ ಕೊಟ್ಟದ್ದು ಇನ್ನೂ ಸೇರಿಲ್ಲ. ಇದನ್ನು ಮಾಡದವರೇ ‘ಪ್ರೀತಿಗೆ ಮಾಡುತ್ತೇನೆ’ ಎಂದು ಕಡಿಮೆಗೆ ಕೊಟ್ಟು, ಪಕ್ಕದವರ ಹೊಟ್ಟೆಯ ಮೇಲೂ ಹೊಡೆಯುವುದು.

ತಮ್ಮಲ್ಲಿ ಕೋರಿಕೆ ಒಂದೇ. ಮುಂದಿನ ಸಲ ಇಂಥವರ ಬಗ್ಗೆ ಬರೆಯಲು ಹೋದ ವರದಿಗಾರರು ಯಾವ ಅಭ್ಯಾಸ ಕಂಡರೂ ‘ಹೀಗೆ ಮಾಡದಿದ್ದರೆ ಏನಾಗುತ್ತದೆ?’ ಎಂದು ಕೇಳಲಿ. ಉತ್ತರ ಸಿಕ್ಕಿದರೆ ಅದನ್ನೂ ಅಚ್ಚು ಹಾಕಿ, ಕಲಿಯುತ್ತಿರುವವರಿಗೆ ಉಪಯೋಗಕ್ಕೆ ಬರುತ್ತದೆ. ಅವರು ಈಗ ಅಭ್ಯಾಸವನ್ನಷ್ಟೇ ನಕಲು ಮಾಡುತ್ತಿದ್ದಾರೆ, ಬಟ್ಟಲನ್ನು ಕೆನ್ನೆಗೆ ಒತ್ತಿ ಫೋಟೊ ತೆಗೆಸಿಕೊಂಡು ಹಸಿಯಾಗಿಯೇ ಕಿಲ್ನಿಗಿಡುತ್ತಿದ್ದಾರೆ. ಉತ್ತರ ಸಿಗದಿದ್ದರೆ, ಕೆಂಪು ಟೋಪಿ ಹಾಕದೆ ಕೆಲಸಕ್ಕೆ ಕೂರುವುದಿಲ್ಲ ಎಂಬಂಥದ್ದಾದರೆ, ಧಾರಾಳವಾಗಿ ನಗಿಸಿ.

ಫೋಟೊ ತೆಗೆಯಲು ಬರುವವರಿಗೂ ಒಂದು ಮಾತು ಹೇಳಿ ಕಳಿಸಿದರೆ ಉಪಕಾರ. ಹಿಡಿ ಕೂಡಿಸಿದ ಬಟ್ಟಲುಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ಚಿತ್ರಕ್ಕೆಂದು ಸರಿಸಿದರೆ ಹೊರಡುವಾಗ ಮತ್ತೆ ಹೊದಿಸಿ ಹೋಗಲಿ. ತೆಳ್ಳಗಿನ ಹಿಡಿ ಬಟ್ಟಲಿಗಿಂತ ಬೇಗ ಒಣಗಿ ಕುಗ್ಗುತ್ತದೆ, ಕೂಡಿಸಿದ ಜಾಗದಲ್ಲಿ ಬಿರುಕು ಬಿಡಲು ಒಂದು ಮಧ್ಯಾಹ್ನ ಸಾಕು.

ಇತಿ,
ಒಂಟಿಯಾಗಿ ಕೈಕೆಲಸ ಮಾಡುವ ಕೆಲವು ಓದುಗರು